ಕಿಟೆಲ್ ಕೊನೆಗಾಲ ಕಳೆದ ಊರಿನಲ್ಲಿ ಜರ್ಮನ್ ಕ್ಲಾಸು

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಜುಲೈ ಕೊನೆಯ ಹೊತ್ತಿಗೆ ಪಾಠ ಮುಗಿಯುತ್ತದೆ. ಮತ್ತೆ ಶುರುವಾಗುವುದು ಅಕ್ಟೋಬರ್‌ನಲ್ಲಿ. ನಡುವೆ ಹಾಸ್ಟೆಲ್ ಕೋಣೆಗಳು ಖಾಲಿ, ಕ್ಲಾಸ್‌ರೂಮ್‌ಗಳೂ ಖಾಲಿ. ಹೊರದೇಶದ ವಿದ್ಯಾರ್ಥಿಗಳಿಗೆ ಜರ್ಮನ್ ಕಲಿಸುವ ಬೇಸಿಗೆ ಕೋರ್ಸುಗಳು ಹೆಚ್ಚಾಗಿ ನಡೆಯುವುದು ಆಗಲೇ. ನಾನು 2024ರ ಆಗಸ್ಟ್‌ನಲ್ಲಿ ಹೋದದ್ದು ಇಂಥದ್ದೊಂದು ಕೋರ್ಸಿಗೆ, ಟ್ಯೂಬಿಂಗೆನ್ ಎಂಬ ಊರಿಗೆ. ಹೋಗಿ ಬಂದ ಮೇಲೆ ಕಾಲೇಜಿನ ಜೂನಿಯರ್‌ಗಳು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಹಾಗಾಗಿ ಒಮ್ಮೆ ಕೂತು ಬರೆದುಬಿಡೋಣ ಅನಿಸಿತು.

ಊರಿನ ಆಯ್ಕೆಯಿಂದ ಶುರು ಮಾಡುತ್ತೇನೆ. ಬರ್ಲಿನ್, ಮ್ಯೂನಿಕ್, ಹೈಡೆಲ್‌ಬರ್ಗ್ ಎಲ್ಲ ಕಡೆಯೂ ಬೇಸಿಗೆ ಕೋರ್ಸುಗಳಿವೆ. ನಾನು ಧಾರವಾಡದವಳು. ಕಿಟೆಲ್ ಕಾಲೇಜಿನ ಮುಂದೆ ದಿನಾ ಓಡಾಡಿ ಬೆಳೆದವಳು. ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಜರ್ಮನ್ ಪಾದ್ರಿ ಕಿಟೆಲ್ ಹೆಸರಿನ ಕಾಲೇಜು ಅದು. ಓದಿಗೆ ಬೆಂಗಳೂರಿಗೆ ಬಂದರೆ ಅಲ್ಲೂ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುತ್ತಿದ್ದಾಗ ಒಂದು ದಿನ ಕಿಟೆಲ್ ಬಗ್ಗೆ ಓದಿದೆ. ಆ ಮನುಷ್ಯ ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗೆನ್‌ನಲ್ಲಿ. ಮಂಗಳೂರಿನಿಂದ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲೇ. ಕನ್ನಡದ ಕೆಲಸಕ್ಕಾಗಿ ಇಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. ಮೋಗ್ಲಿಂಗ್‌ಗೆ 1858ರಲ್ಲಿ, ಕಿಟೆಲ್‌ಗೆ 1896ರಲ್ಲಿ. ಇಷ್ಟು ಗೊತ್ತಾದ ಮೇಲೆ ಬರ್ಲಿನ್ ಯಾಕೆ ಬೇಕು ಹೇಳಿ.

ಅರ್ಜಿಯ ಕೆಲಸ ಹಿಂದಿನ ವರ್ಷವೇ ಶುರುವಾಗುತ್ತದೆ. ಹೊರದೇಶದ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುವ ಡಿಎಎಡಿ ಎಂಬ ಜರ್ಮನ್ ಸಂಸ್ಥೆ ಇದೆ. 1925ರಲ್ಲಿ ಹುಟ್ಟಿದ್ದು, ಈಗ ಬಾನ್‌ನಲ್ಲಿ ಕೇಂದ್ರ ಕಚೇರಿ. ನಾನು ಅರ್ಜಿ ಹಾಕಿದಾಗ ಬೇಸಿಗೆ ಕೋರ್ಸಿಗೆ ಅಂತಲೇ ಅವರ ಒಂದು ಸ್ಕಾಲರ್‌ಶಿಪ್ ಇತ್ತು. ಒಂದು ಇಡಿಗಂಟು, ವಿಮಾನದ ಖರ್ಚಿಗೆ ದೇಶಕ್ಕೆ ತಕ್ಕ ಹಾಗೆ ಇನ್ನೊಂದಿಷ್ಟು, ಜೊತೆಗೆ ವಿಮೆ. ಇಲ್ಲಿ ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಸ್ಕಾಲರ್‌ಶಿಪ್ ಬಂತು ಅಂದರೆ ಕೋರ್ಸಿನಲ್ಲಿ ಸೀಟು ಬಂತು ಅಂತಲ್ಲ. ಕೋರ್ಸಿಗೆ ಬೇರೆ ಅರ್ಜಿ ಹಾಕಬೇಕು. ಫೀ ಮತ್ತು ಕೋಣೆ ಬಾಡಿಗೆಯನ್ನು ಆ ಗಂಟಿನಿಂದ ನಾವೇ ಕಟ್ಟಬೇಕು. ಕಟ್ಟಿ ಉಳಿದದ್ದರಲ್ಲಿ ಊಟ, ಓಡಾಟ.

ಅರ್ಜಿಗೆ ಮುಖ್ಯವಾಗಿ ಬೇಕಾದದ್ದು ಮೂರು: ಪ್ರಾಧ್ಯಾಪಕರ ಶಿಫಾರಸು ಪತ್ರ, ಭಾಷೆಯ ಸರ್ಟಿಫಿಕೇಟು, ಮತ್ತು 'ಯಾಕೆ ಹೋಗಬೇಕು' ಅಂತ ನಾವೇ ಬರೆಯುವ ಪತ್ರ. ಈ ಮೂರನೆಯದರಲ್ಲಿ ಎಲ್ಲರೂ 'ಚಿಕ್ಕಂದಿನಿಂದ ನನಗೆ ಜರ್ಮನ್ ಸಂಸ್ಕೃತಿ ಅಂದರೆ ಪ್ರಾಣ' ಅಂತ ಬರೆಯುತ್ತಾರೆ. ಸುಳ್ಳು ಅಂತ ಓದುವವರಿಗೂ ಗೊತ್ತು. ನಾನು ಕಿಟೆಲ್ ವಿಷಯ ಬರೆದೆ. ಈ ಊರಿನ ನಂಟಿದ್ದ ಇಬ್ಬರು ನಮ್ಮ ಕಡೆ ಬಂದು ನಮ್ಮ ಭಾಷೆ ಕಲಿತರು, ಈಗ ನಾನು ಅವರ ಭಾಷೆ ಕಲಿಯಲು ಈ ಊರಿಗೆ ಬರುತ್ತೇನೆ ಅಂತ. ಅದರಿಂದಲೇ ಸಿಕ್ಕಿತೋ ಇಲ್ಲವೋ ಹೇಳಲಾರೆ. ನಮ್ಮ ಟೀಚರ್ ಮಾತ್ರ ಕರಡು ಓದಿ ಒಂದೇ ಒಂದು ಸಾಲು ಹೊಡೆದುಹಾಕಿದರು, ನಾನು ಜರ್ಮನಿಯನ್ನು ಹೊಗಳಿದ್ದ ಸಾಲು!

ವೀಸಾ ವಿಷಯ ಬೇಗ ಮುಗಿಸುತ್ತೇನೆ. 90 ದಿನಕ್ಕಿಂತ ಕಡಿಮೆ ಇರುವುದಾದರೆ ಶೆಂಗೆನ್ ವೀಸಾ ಸಾಕು. ಕೋರ್ಸಿನ ಪ್ರವೇಶ ಪತ್ರ, ಸ್ಕಾಲರ್‌ಶಿಪ್ ಪತ್ರ, ಕನಿಷ್ಠ 30,000 ಯೂರೋ ಕವರೇಜ್ ಇರುವ ವಿಮೆ, ಇರುವ ಜಾಗದ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇರುವುದರಿಂದ ನಮಗೆ ದಿಲ್ಲಿ, ಮುಂಬೈ ಅಲೆಯುವ ಕಷ್ಟವಿಲ್ಲ. ಆದರೆ ಅಪಾಯಿಂಟ್‌ಮೆಂಟ್ ಮೊದಲೇ ಹಿಡಿಯಬೇಕು. ಬೇಸಿಗೆಯಲ್ಲಿ ಯುರೋಪ್ ಟೂರ್ ಹೊರಟವರ ದಂಡು ನಿಮ್ಮ ಮುಂದೆ ನಿಂತಿರುತ್ತದೆ.

ಸಾಮಾನು ಕಟ್ಟುವಾಗ ಮನೆಯಲ್ಲಿ ಒಂದು ಜಗಳ ಆಯಿತು. ಧಾರವಾಡದಿಂದ ಹೊರಟವಳು ಪೇಡೆ ಇಲ್ಲದೆ ಹೋಗುವುದೇ? ಹೊರದೇಶದಿಂದ ಹಾಲಿನ ಪದಾರ್ಥವನ್ನು ಯುರೋಪಿಗೆ ಒಯ್ಯುವಂತಿಲ್ಲ ಅಂತ ಎಷ್ಟು ಹೇಳಿದರೂ ಅವ್ವ ಒಪ್ಪಲಿಲ್ಲ. 'ಹಾಲಿಂದ ಅಂತ ಅವರಿಗೆ ಹೆಂಗ ಗೊತ್ತಾಗತೈತಿ?' ಅಂದಳು. ಕೊನೆಗೆ ಪೇಡೆ ಬಿಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಅಂತ ಒಪ್ಪಂದವಾಯಿತು. ಖಡಕ್ ರೊಟ್ಟಿ ವಿಮಾನದಲ್ಲಿ ಪುಡಿಯಾಗುತ್ತದೆ ಅಂತ ಹೆದರಿದ್ದೆ. ಎರಡು ಸ್ಟೀಲ್ ತಟ್ಟೆ ನಡುವೆ ಇಟ್ಟು ಬಟ್ಟೆ ಸುತ್ತಿದ್ದರಿಂದ ಹೆಚ್ಚಿನವು ಇಡಿಯಾಗಿಯೇ ಬಂದವು.

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ದಾರಿಯಲ್ಲಿ ಎಸ್‌ಲಿಂಗೆನ್ ಸಿಗುತ್ತದೆ. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿ. ಊರು ಸಣ್ಣದು. ತೊಂಬತ್ತು ಸಾವಿರದಷ್ಟು ಜನ, ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯ ಹುಟ್ಟಿದ್ದು 1477ರಲ್ಲಿ, ಅಂದರೆ ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬರುವ ಮೂವತ್ತೆರಡು ವರ್ಷ ಮೊದಲು. ಎರಡನೇ ಮಹಾಯುದ್ಧದ ಬಾಂಬುಗಳಿಂದ ಹೆಚ್ಚು ಪೆಟ್ಟು ಬೀಳದ ಊರು ಇದು. ಹಾಗಾಗಿ ಮರದ ತೊಲೆ ಹೊರಗೇ ಕಾಣುವ ಹಳೆಯ ಮನೆಗಳು ಸಾಲುಸಾಲಾಗಿ ಉಳಿದಿವೆ. ಆಗಸ್ಟ್‌ನಲ್ಲಿ ಅಲ್ಲಿನ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ. ಬೀದಿಯಲ್ಲಿ ಕಾಣುವವರು ಮುದುಕರು, ಪ್ರವಾಸಿಗರು, ಮತ್ತು ನಮ್ಮಂಥ ಬೇಸಿಗೆ ಕೋರ್ಸಿನವರು.

ಹಾಸ್ಟೆಲ್ ಇದ್ದದ್ದು ಊರಿನ ಮೇಲ್ಗಡೆಯ ಗುಡ್ಡದಲ್ಲಿ. ಒಂದು ಮಹಡಿಗೆ ಒಂದು ಅಡುಗೆಮನೆ, ಅದರ ಬಾಗಿಲ ಹಿಂದೆ ಪಾಳಿಪಟ್ಟಿ. ಯಾವ ವಾರ ಯಾರು ಒಲೆ ಒರೆಸಬೇಕು, ಯಾರು ಕಸ ಹಾಕಬೇಕು ಅಂತ. ಅಲ್ಲಿನವರಿಗೆ ಅದು ರಕ್ತದಲ್ಲೇ ಇದೆ. ಟ್ಯೂಬಿಂಗೆನ್ ಇರುವುದು ಶ್ವಾಬಿಯಾ ಸೀಮೆಯಲ್ಲಿ. ಅಲ್ಲಿ ಬಾಡಿಗೆ ಮನೆಗಳಲ್ಲಿ 'ಕೇರ್‌ವೋಖೆ' ಅಂತ ಹಳೆಯ ಪದ್ಧತಿ ಇದೆ. ವಾರಕ್ಕೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸಬೇಕು. ನಿಮ್ಮ ವಾರ ಬಂತು ಅನ್ನಲು ಬಾಗಿಲಿಗೆ ಒಂದು ಬೋರ್ಡು ತೂಗುಹಾಕುತ್ತಾರೆ. ಕಸವಂತೂ ಕಾಗದಕ್ಕೆ ಬೇರೆ, ಹಸಿಕಸಕ್ಕೆ ಬೇರೆ, ಪ್ಯಾಕಿಂಗ್‌ಗೆ ಬೇರೆ, ಉಳಿದದ್ದಕ್ಕೆ ಬೇರೆ. ಚಹಾ ಚೀಲದ ದಾರಕ್ಕೆ ಸ್ಟೇಪಲ್ ಪಿನ್ ಇದ್ದರೆ ಅದು ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ನಮ್ಮ ಅಡುಗೆಮನೆಯಲ್ಲಿ ನಡೆದ ಚರ್ಚೆಯೇ ನನ್ನ ಮೊದಲ ಉದ್ದನೆಯ ಜರ್ಮನ್ ಸಂಭಾಷಣೆ.

ಕ್ಲಾಸಿಗೆ ಮೊದಲು ಮಟ್ಟ ಅಳೆಯುವ ಪರೀಕ್ಷೆ. ಇದಕ್ಕೆ 'ಸಿ-ಟೆಸ್ಟ್' ಅಂತಾರೆ. ಸಣ್ಣ ಸಣ್ಣ ಪ್ಯಾರಾಗಳು. ಮೊದಲ ಸಾಲು ಪೂರ್ತಿ ಇರುತ್ತದೆ. ಆಮೇಲೆ ಪ್ರತಿ ಎರಡನೇ ಪದದ ಹಿಂದಿನ ಅರ್ಧ ಕತ್ತರಿಸಿರುತ್ತಾರೆ. ಕನ್ನಡದಲ್ಲಿ ಮಾಡಿದರೆ ಹೀಗಿರುತ್ತದೆ: 'ಮಳೆ ಬಂ__ ಮೇಲೆ ರಸ್__ ಪೂರ್ತಿ ಕೆಸ__ ಆಗಿತ್ತು.' ನಮ್ಮ ಭಾಷೆಯಲ್ಲಿ ಕಣ್ಣು ಮುಚ್ಚಿ ತುಂಬಬಹುದು. ಇನ್ನೊಂದು ಭಾಷೆಯಲ್ಲಿ ಪದ ಗೊತ್ತಿದ್ದರೂ ಅದರ ಬಾಲ ಗೊತ್ತಿರುವುದಿಲ್ಲ. ಜರ್ಮನ್‌ನ ಜೀವ ಇರುವುದೇ ಬಾಲದಲ್ಲಿ. ಡಿಎಎಡಿಗೆ ಸರ್ಟಿಫಿಕೇಟ್ ಕೊಡಲು ಇರುವ ಆನ್‌ಸೆಟ್ ಎಂಬ ಕಂಪ್ಯೂಟರ್ ಪರೀಕ್ಷೆಯೂ ಇದೇ ಜಾತಿ. 8 ಪ್ಯಾರಾ, ಒಂದೊಂದರಲ್ಲಿ 20 ಖಾಲಿ ಜಾಗ, ಒಂದೊಂದಕ್ಕೆ 5 ನಿಮಿಷ. ಬಾಯಿಪಾಠ ಮಾಡಿ ಇದನ್ನು ಪಾಸು ಮಾಡಲು ಬರುವುದಿಲ್ಲ. ಓದುವ ಅಭ್ಯಾಸ ಇದ್ದವರಿಗೆ ಮಾತ್ರ ಸಲೀಸು.

ಭಾಷೆಯ ಮಟ್ಟವನ್ನು ಅಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ನಾನು ನಾಲ್ಕನೆಯದಾದ ಬಿ2 ಗುಂಪಿಗೆ ಬಿದ್ದೆ. ಬೆಳಗ್ಗೆ ಭಾಷೆಯ ಕ್ಲಾಸು, ಮಧ್ಯಾಹ್ನ ಉಚ್ಚಾರಣೆ, ಪತ್ರಿಕೆ ಓದು, ಜರ್ಮನಿಯ ಸಮಾಜ ಹೀಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ನನ್ನ ಪಕ್ಕ ಜಪಾನಿನ ಹುಡುಗಿ, ಎದುರಿಗೆ ಬ್ರೆಜಿಲ್‌ನ ಕಾನೂನು ವಿದ್ಯಾರ್ಥಿ, ಆಚೆ ಅಮೆರಿಕದ ಇಬ್ಬರು, ಇಟಲಿ, ಜಾರ್ಜಿಯಾ, ಈಜಿಪ್ಟ್. ಭಾರತದಿಂದ ಆ ಗುಂಪಿನಲ್ಲಿ ನಾನೊಬ್ಬಳೇ. ಇದು ಒಳ್ಳೆಯದೇ ಆಯಿತು. ಇನ್ನೊಂದು ಗುಂಪಿನ ಭಾರತದವರು ಮಧ್ಯಾಹ್ನವಿಡೀ ಹಿಂದಿಯಲ್ಲಿ ಹರಟುತ್ತಿದ್ದರು.

ಮೊದಲ ದಿನವೇ ಟೀಚರ್, ಐವತ್ತು ದಾಟಿದ ಹೆಂಗಸು, ನನ್ನನ್ನು 'ದೂ' ಅನ್ನಿ ಅಂದರು. ಅಂದರೆ ಏಕವಚನ. ಅಮೆರಿಕದವರಿಗೆ ಇದರಲ್ಲಿ ಏನೂ ಅನಿಸಲಿಲ್ಲ, ಅವರ ಭಾಷೆಯಲ್ಲಿ ಇರುವುದು ಒಂದೇ. ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮೇಡಂನ 'ನೀನು' ಅನ್ನೋದಾ? ಪೂರ್ತಿ ಒಂದು ವಾರ ನಾನು ಅವರನ್ನು ನೇರವಾಗಿ ಏನೂ ಕೇಳದೆ, 'ಈ ಸಾಲನ್ನು ಹೀಗೂ ಬರೆಯಬಹುದಾ' ಅಂತ ಸರ್ವನಾಮವೇ ಬರದ ಹಾಗೆ ಮಾತಾಡಿಕೊಂಡಿದ್ದೆ. ಜಪಾನಿನವಳೂ ಅದನ್ನೇ ಮಾಡುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ನಾವು ಜರ್ಮನ್ ಕಲಿಯುವುದು ಇಂಗ್ಲಿಷ್ ಮೂಲಕ. ಪುಸ್ತಕ, ಆ್ಯಪ್, ವಿಡಿಯೋ ಎಲ್ಲವೂ ಇಂಗ್ಲಿಷ್‌ಗೆ ಹೋಲಿಸಿಯೇ ಹೇಳಿಕೊಡುತ್ತವೆ. ಜರ್ಮನ್ ಮತ್ತು ಇಂಗ್ಲಿಷ್ ಅಕ್ಕತಂಗಿಯರು, ಅದು ನಿಜ. ಪದಗಳ ಮಟ್ಟಿಗೆ ಅದರಿಂದ ಲಾಭವೂ ಇದೆ. ಆದರೆ ವಾಕ್ಯ ಕಟ್ಟುವಾಗ ಇಂಗ್ಲಿಷ್ ಅಡ್ಡ ಬರುತ್ತದೆ, ಕನ್ನಡ ಕೈ ಹಿಡಿಯುತ್ತದೆ. ಇದು ನನಗೆ ಹೊಳೆದದ್ದು ಆ ಕ್ಲಾಸಿನಲ್ಲಿ.

ಚಳಿಯಾದರೆ ಜರ್ಮನ್‌ನಲ್ಲಿ 'ಮೀರ್ ಇಸ್ಟ್ ಕಾಲ್ಟ್' ಅಂತಾರೆ. ಮೀರ್ ಅಂದರೆ ನನಗೆ. ನಾವೂ 'ನನಗೆ ಚಳಿ' ಅಂತೀವಿ, 'ನಾನು ಚಳಿ' ಅನ್ನುವುದಿಲ್ಲ. ಇಷ್ಟವಾದರೂ 'ನನಗೆ', ನೋವಾದರೂ 'ನನಗೆ', ಗೊತ್ತಿಲ್ಲದ ಊರಲ್ಲಿ ಎಲ್ಲವೂ ವಿಚಿತ್ರ ಅನಿಸಿದರೂ 'ನನಗೆ'. ಇಂಗ್ಲಿಷ್ ಮನೆಮಾತಿನವರು ಇಲ್ಲಿ ಪದೇ ಪದೇ ಎಡವುತ್ತಿದ್ದರು. ಅವರು 'ಇಷ್ ಬಿನ್ ಕಾಲ್ಟ್' ಅಂದುಬಿಡುತ್ತಿದ್ದರು. ಅದರ ಅರ್ಥ 'ನಾನು ಪ್ರೀತಿ ಇಲ್ಲದ, ತಣ್ಣನೆಯ ಮನುಷ್ಯ' ಅಂತಾಗುತ್ತದೆ. ಟೀಚರ್ ಪ್ರತಿ ಸಲ ಅಯ್ಯೋ ಪಾಪ ಅನ್ನುವ ಮುಖ ಮಾಡುತ್ತಿದ್ದರು.

ಎರಡನೆಯದು, 'ಯಾಕೆಂದರೆ' ಅಂತ ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಎಲ್ಲರೂ ಇದನ್ನು ನಿಯಮ ಅಂತ ಕಲಿಯುತ್ತಿದ್ದರು. ನಮಗೆ ಕ್ರಿಯಾಪದ ಕೊನೆಗಲ್ಲದೆ ಇನ್ನೆಲ್ಲಿ ಇರುತ್ತದೆ? ಜಪಾನಿ ಭಾಷೆಯಲ್ಲೂ ಹಾಗೆಯೇ. ಹಾಗಾಗಿ ನಮ್ಮ ಬೆಂಚಿಗೆ ಆ ಪಾಠ ಸುಮ್ನೆ ಕೂತು ಕೇಳುವ ಪಾಠ.

ಆದರೆ ನಿಜವಾದ ಖುಷಿ ಬಂದದ್ದು ಬಿ2 ಮಟ್ಟದ ಒಂದು ಕುಖ್ಯಾತ ಪಾಠದಲ್ಲಿ. ಜರ್ಮನ್ ಪತ್ರಿಕೆಗಳಲ್ಲಿ, ಸರ್ಕಾರಿ ಕಾಗದಗಳಲ್ಲಿ ನಾಮಪದಕ್ಕೆ ಮೊದಲೇ ಇಡೀ ವಾಕ್ಯವನ್ನೇ ವಿಶೇಷಣ ಮಾಡಿ ತುರುಕುತ್ತಾರೆ. ಬ್ರೆಜಿಲ್‌ನವನು ತಲೆ ಚಚ್ಚಿಕೊಳ್ಳುತ್ತಿದ್ದ. ಟೀಚರ್ ನಿಮ್ಮದೇ ಒಂದು ಉದಾಹರಣೆ ಬರೆಯಿರಿ ಅಂದಾಗ ನಾನು ಬೋರ್ಡಿನ ಮೇಲೆ ಹೀಗೆ ಬರೆದೆ: 'ದಾಸ್ 1894 ಇನ್ ಮಂಗಳೂರ್ ಗೆಡ್ರುಕ್ಟೆ ವ್ಯೋರ್ಟರ್‌ಬೂಖ್.' ಕನ್ನಡದಲ್ಲಿ, 'ಆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು.' ಪದದ ಹಿಂದೆ ಪದ, ಕ್ರಮ ಒಂದಿಷ್ಟೂ ಬದಲಾಗಿಲ್ಲ. ಇಂಗ್ಲಿಷ್‌ನಲ್ಲಿ ಇದನ್ನೇ ಹೇಳಬೇಕಾದರೆ ನಿಘಂಟನ್ನು ಮುಂದೆ ತಂದು ಮಿಕ್ಕದ್ದನ್ನು ಹಿಂದೆ ಸಾಗಹಾಕಬೇಕು. 'ನಿನ್ನೆ ಬಂದ ಪತ್ರ', 'ಅವ್ವ ಮಾಡಿದ ರೊಟ್ಟಿ' ಅಂತ ಹುಟ್ಟಿದಾಗಿನಿಂದ ಹೇಳುತ್ತಿರುವವರಿಗೆ ಇದರಲ್ಲಿ ಏನು ಕಷ್ಟ? ಟೀಚರ್ ನನಗೆ ಎಲ್ಲಿಂದ ಹೊಳೆಯಿತು ಅಂತ ಕೇಳಿದರು. ಕನ್ನಡದ ಸಾಲನ್ನು ಕೆಳಗೆ ಬರೆದು, ಪದದಿಂದ ಪದಕ್ಕೆ ಗೆರೆ ಎಳೆದು ತೋರಿಸಿದೆ. ಗೆರೆಗಳು ಒಂದನ್ನೊಂದು ದಾಟಲೇ ಇಲ್ಲ. ಅವತ್ತಿನಿಂದ ನನ್ನ ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಅರ್ಥ ಬರೆಯುವುದನ್ನು ಬಿಟ್ಟು ಕನ್ನಡದಲ್ಲೇ ಬರೆಯತೊಡಗಿದೆ.

ಹಾಗಂತ ಎಲ್ಲವೂ ಬೆಣ್ಣೆಯಲ್ಲ. ಯಾವ ವಸ್ತು ಗಂಡು, ಯಾವುದು ಹೆಣ್ಣು, ಯಾವುದು ನಪುಂಸಕ ಎಂಬುದಕ್ಕೆ ಕನ್ನಡ ಏನೂ ಸಹಾಯ ಮಾಡುವುದಿಲ್ಲ. ನಮ್ಮಲ್ಲಿ ಮನುಷ್ಯರಲ್ಲದ್ದೆಲ್ಲ 'ಅದು'. ಅಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಇದಕ್ಕೆ ಉರುಹೊಡೆಯುವುದೊಂದೇ ದಾರಿ. ಉಚ್ಚಾರಣೆ ಕ್ಲಾಸಿನಲ್ಲಿ ನಮ್ಮ ಟ, ಡ ವಿಪರೀತ ಗಟ್ಟಿ ಅಂತ ಹೇಳಿಸಿಕೊಂಡೆ. ನಾಲಿಗೆ ಹಿಂದಕ್ಕೆ ಮಡಚದೆ, ಹಲ್ಲಿನ ಮೇಲಿನ ದಿಣ್ಣೆಗೆ ತಾಗಿಸಿ ಹೇಳಬೇಕಂತೆ. ಊರಿನ ಹೆಸರಿನಲ್ಲೇ ಇರುವ ಆ ಮೊದಲ ಸ್ವರ ಇನ್ನೊಂದು ತಕರಾರು. ಬಾಯಲ್ಲಿ ಈ ಅನ್ನುತ್ತಾ ತುಟಿಯನ್ನು ಮಾತ್ರ ಊ ಅನ್ನುವ ಹಾಗೆ ದುಂಡು ಮಾಡಿದರೆ ಅದು ಬರುತ್ತದೆ. ಕನ್ನಡಿ ಮುಂದೆ ನಿಂತು ಮಾಡಿ ನೋಡಿ, ಬರುತ್ತದೆ. ಅಂಕಿಗಳಲ್ಲಿ ಇಪ್ಪತ್ತನಾಲ್ಕನ್ನು 'ನಾಲ್ಕು ಮತ್ತು ಇಪ್ಪತ್ತು' ಅಂತಾರೆ. ಇದಕ್ಕೆ ಮಾತ್ರ ಕನ್ನಡಕ್ಕಿಂತ ಹಿಂದಿ, ಮರಾಠಿ ಉಪಯೋಗಕ್ಕೆ ಬಂತು. ಚೌಬೀಸ್, ಚೋವೀಸ್‌ನಲ್ಲೂ ನಾಲ್ಕೇ ಮೊದಲು. ಧಾರವಾಡದವರಿಗೆ ಮರಾಠಿ ಕಿವಿಗೆ ಬಿದ್ದಿರುತ್ತದಲ್ವಾ.

ಕ್ಲಾಸಿನ ಹೊರಗೆ ಇನ್ನೊಂದು ಹೋರಾಟ. ಬಾಯಿ ತೆರೆದ ತಕ್ಷಣ, ನಾವು ಒಂದು ಕ್ಷಣ ತಡವರಿಸಿದರೆ ಸಾಕು, ಎದುರಿನವರು ಇಂಗ್ಲಿಷ್‌ಗೆ ಹೊರಳಿಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಅಷ್ಟು ದೂರ ಹೋಗಿ ಇಂಗ್ಲಿಷ್ ಮಾತಾಡುವುದಾದರೆ ಕೋರಮಂಗಲ ಸಾಕಿತ್ತು. ನಾನು ಕಂಡುಕೊಂಡ ಉಪಾಯ, ಇಂಗ್ಲಿಷ್ ಬರದ ಹಾಗೆ ಇದ್ದುಬಿಡುವುದು. ಅವರು ಇಂಗ್ಲಿಷ್‌ನಲ್ಲಿ ಕೇಳಿದರೆ ನಾನು ನಿಧಾನವಾಗಿ ಜರ್ಮನ್‌ನಲ್ಲೇ ಉತ್ತರಿಸುವುದು. ಎರಡು ಮೂರು ಸಲ ಆದ ಮೇಲೆ ಅವರೂ ವಾಪಸ್ ಬರುತ್ತಾರೆ.

ಇಂಗ್ಲಿಷ್‌ಗೆ ಹೊರಳದೆ ಇದ್ದವರು ವಯಸ್ಸಾದವರು. ಬಸ್ ಸ್ಟಾಪ್ ಹತ್ತಿರದ ಬೇಕರಿಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರು ಮಾತಾಡುತ್ತಿದ್ದದ್ದು ಶ್ವೇಬಿಷ್, ಅಂದರೆ ಆ ಸೀಮೆಯ ಆಡುಮಾತು. ಪುಸ್ತಕದ ಜರ್ಮನ್ ಕಲಿತು ಹೋದವರಿಗೆ ಇದು ಬೆಂಗಳೂರಿನವರು ಮೊದಲ ಸಲ ನಮ್ಮ ಧಾರವಾಡ ಕಡೆಯ ಮಾತು ಕೇಳಿದ ಹಾಗೆ. 'ಷ್ಟ್' ಎಲ್ಲಿ ಬೇಕಾದರೂ ಬರುತ್ತದೆ, ಪ್ರತಿ ವಸ್ತುವಿಗೂ ಪ್ರೀತಿಯಿಂದ 'ಲೇ' ಅಂತ ಒಂದು ಬಾಲ. ಸಣ್ಣ ಬ್ರೆಡ್ಡಿಗೆ ಪುಸ್ತಕದಲ್ಲಿರುವ ಹೆಸರು ಹೇಳಿದರೆ ಅಜ್ಜಿ 'ವೆಕ್‌ಲೇ' ಅಂತ ತಿದ್ದುತ್ತಿದ್ದರು. ಮೊದಲ ವಾರ ಅವರು ಹೇಳಿದ ಬೆಲೆ ಅರ್ಥವಾಗದೆ ಗಲ್ಲಾಪೆಟ್ಟಿಗೆಯ ಪರದೆ ನೋಡುತ್ತಿದ್ದೆ. ಕೊನೆಯ ವಾರದ ಹೊತ್ತಿಗೆ ಅಜ್ಜಿ ತಮ್ಮ ಮೊಣಕಾಲು ನೋವು, ಸೊಸೆ, ಎದುರು ಮನೆಯವರು ಗುಡಿಸದೇ ಬಿಟ್ಟ ಮೆಟ್ಟಿಲು ಎಲ್ಲವನ್ನೂ ನನಗೆ ಹೇಳುತ್ತಿದ್ದರು. ಮುಕ್ಕಾಲು ಭಾಗ ಅರ್ಥವಾಗುತ್ತಿತ್ತು. ನನ್ನ ಪ್ರಕಾರ ಇಡೀ ಕೋರ್ಸಿನ ಅತ್ಯುತ್ತಮ ಕ್ಲಾಸು ಅದೇ. ಫೀ, ಒಂದು ವೆಕ್‌ಲೇ.

ಹಾಸ್ಟೆಲ್ ಅಡುಗೆಮನೆಯೂ ಅಂಥದ್ದೇ. ಆಗ ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಜಾವೆಲಿನ್ ಫೈನಲ್ ರಾತ್ರಿ ಯಾರದ್ದೋ ಲ್ಯಾಪ್‌ಟಾಪ್ ಮುಂದೆ ಎಲ್ಲರೂ ಸೇರಿದ್ದೆವು. ಚಿನ್ನ ಪಾಕಿಸ್ತಾನದ ಅರ್ಷದ್ ನದೀಮ್‌ಗೆ, ಬೆಳ್ಳಿ ನೀರಜ್ ಚೋಪ್ರಾಗೆ. ಜರ್ಮನ್ ಹುಡುಗನೊಬ್ಬ ತಮ್ಮ ವೇಬರ್‌ಗೆ ಪದಕ ತಪ್ಪಿತು ಅಂತ ಬೇಜಾರಾಗಿದ್ದ. ನೀರಜ್ ಕೋಚ್ ಕ್ಲಾಸ್ ಬಾರ್ಟೊನಿಯೆಟ್ಜ್ ನಿಮ್ಮ ದೇಶದವರೇ ಅಲ್ವಾ ಅಂದೆ. ಅವನಿಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗಿ ಮಧ್ಯರಾತ್ರಿ ದಾಟಿತು. ನಡುವೆ ನನ್ನ ಖಡಕ್ ರೊಟ್ಟಿ ಹೊರಬಂತು. ಜಾರ್ಜಿಯಾದವಳು ಶೇಂಗಾ ಚಟ್ನಿಯನ್ನು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದಳು. ಅವ್ವನಿಗೆ ಫೋಟೋ ಕಳಿಸಿದೆ. 'ಆ ಹುಡುಗಿ ಭಾಳ ಬಡಕಲ ಅದಾಳ, ಇನ್ನೊಂದೀಟ್ ಕೊಡು' ಅಂತ ಉತ್ತರ ಬಂತು.

ಊಟದ ವಿಷಯ ಹೇಳಿಬಿಡುತ್ತೇನೆ, ಸಸ್ಯಾಹಾರಿಗಳು ಕೇಳಿಯೇ ಕೇಳುತ್ತಾರೆ. ಮಧ್ಯಾಹ್ನ ಮೆನ್ಸಾ, ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನ್. ಅಲ್ಲಿ ಸಸ್ಯಾಹಾರಕ್ಕೆ ತೊಂದರೆಯಿಲ್ಲ. ಷ್ಪೆಟ್ಸ್‌ಲೇ ಅಂದರೆ ಹಿಟ್ಟು, ಮೊಟ್ಟೆ ಕಲಸಿ ಮಾಡುವ ಶಾವಿಗೆಯಂಥದ್ದು. ಚೀಸ್ ಹಾಕಿದ ಷ್ಪೆಟ್ಸ್‌ಲೇ ಆ ಸೀಮೆಯ ಖಾಸಾ ತಿಂಡಿ, ಮೊಟ್ಟೆ ತಿನ್ನುವವರಿಗೆ ಹಿಡಿಸುತ್ತದೆ. ಬೇಳೆ ಮತ್ತು ಷ್ಪೆಟ್ಸ್‌ಲೇ ಸೇರಿಸಿ ಮಾಡುವ ಇನ್ನೊಂದು ಅಡುಗೆ ಹೆಸರು ಕೇಳಿ ಮೋಸ ಹೋಗಬೇಡಿ, ಅದರ ಮೇಲೆ ಸಾಸೇಜ್ ಕೂತಿರುತ್ತದೆ. ಮೌಲ್‌ಟಾಷೆನ್ ಅಂತ ಕಡುಬಿನಂಥದ್ದು ಇದೆ, ಸಾಮಾನ್ಯವಾಗಿ ಒಳಗೆ ಮಾಂಸ. ಉಪವಾಸದ ದಿನಗಳಲ್ಲಿ ದೇವರಿಗೆ ಕಾಣದ ಹಾಗೆ ಮಾಂಸ ಮುಚ್ಚಿಟ್ಟು ತಿನ್ನಲು ಹುಟ್ಟಿದ ತಿಂಡಿ ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ತರಕಾರಿಯದ್ದೂ ಸಿಗುತ್ತದೆ, ಕೇಳಿ ತಗೊಳ್ಳಿ. ಪಾರ್ಸೆಲ್ ಕೊಂಡರೆ ಟ್ಯೂಬಿಂಗೆನ್‌ನಲ್ಲಿ ಬಿಸಾಡುವ ಡಬ್ಬಿಗೆ, ಲೋಟಕ್ಕೆ 50 ಸೆಂಟ್ ತೆರಿಗೆ ಬೀಳುತ್ತದೆ. 2022ರಿಂದ ಊರಿನ ಆಡಳಿತ ತಂದ ನಿಯಮ ಇದು. ನಾನು ಮನೆಯಿಂದ ಸ್ಟೀಲ್ ಡಬ್ಬಿ ಒಯ್ದಿದ್ದೆ. ಅದನ್ನು ಕೊಟ್ಟರೆ ಅಂಗಡಿಯವರು ಖುಷಿಯಿಂದಲೇ ತುಂಬಿಸಿಕೊಡುತ್ತಿದ್ದರು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಹಾಲು, ಅಕ್ಕಿ ತಂದಿಟ್ಟುಕೊಳ್ಳಿ.

ಓಡಾಟಕ್ಕೆ ಡಾಯ್ಚ್‌ಲಾಂಡ್‌ಟಿಕೆಟ್ ಕೊಂಡಿದ್ದೆ. ಆಗ ತಿಂಗಳಿಗೆ 49 ಯೂರೋ, ಈಗ ಜಾಸ್ತಿಯಾಗಿದೆ. ದೇಶದ ಯಾವ ಊರಿನ ಬಸ್ಸಾದರೂ ಸರಿ, ಸ್ಥಳೀಯ ರೈಲಾದರೂ ಸರಿ, ಹತ್ತಬಹುದು. ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಆದರೆ ಅದು ತಿಂಗಳ ಚಂದಾ. ಆ ತಿಂಗಳ ಹತ್ತನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಒಂದೇ ತಿಂಗಳಿಗೆ ಹೋಗುವವರು ಕೊಂಡ ದಿನವೇ ಫೋನಿನಲ್ಲಿ ಅಲಾರ್ಮ್ ಇಟ್ಟುಕೊಳ್ಳಿ.

ಸುತ್ತಲು ಜಾಗಗಳು ಬೇಕಾದಷ್ಟಿವೆ, ಪ್ರವಾಸದ ಪುಸ್ತಕಗಳಲ್ಲಿ ಸಿಗುತ್ತವೆ. ನನಗೆ ಹಿಡಿಸಿದ್ದು ಗುಡ್ಡದ ಮೇಲಿನ ಕೋಟೆಮನೆ. ಅಲ್ಲಿನ ಹಳೆಯ ಅಡುಗೆಮನೆಯನ್ನು ಪ್ರಯೋಗಾಲಯ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಹುಡುಗ, ಆಸ್ಪತ್ರೆಯ ಬ್ಯಾಂಡೇಜಿಗೆ ಅಂಟಿದ ಕೀವಿನಿಂದ ಈಗ ನಾವು ಡಿಎನ್‌ಎ ಅನ್ನುವ ವಸ್ತುವನ್ನು ಬೇರ್ಪಡಿಸಿದ್ದು ಅಲ್ಲಿ. ನೆಕ್ಕರ್ ನದಿಯಲ್ಲಿ ಉದ್ದನೆ ಗಳ ಊರಿ ನಡೆಸುವ ದೋಣಿಗಳೂ ಇವೆ. ನೋಡಲು ಚಂದ. ನಡೆಸುವವರು ಹೇಳುವ ಜೋಕು ಎಲ್ಲ ದೋಣಿಯಲ್ಲೂ ಒಂದೇ.

ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಒಂದು ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕಿತ್ತು. ನಾನು ಆರಿಸಿಕೊಂಡದ್ದು ಕಿಟೆಲ್. 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಹುಟ್ಟು. 1853ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಿಂದ ನಮ್ಮ ಕಡೆಗೆ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು ಸಂಪಾದನೆ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ತೀರಿಕೊಂಡ ವರ್ಷವೇ ಹೊರಬಂದ ಕನ್ನಡ ವ್ಯಾಕರಣ. ತಯಾರಿಗೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಬಿಟ್ಟುಹೋದ ಸಂಗ್ರಹ ಅಲ್ಲಿದೆ. ಅದನ್ನು ಆನ್‌ಲೈನ್‌ನಲ್ಲೂ ಹಾಕಿದ್ದಾರೆ, ಮಲಯಾಳಂ ಜೊತೆ ಕನ್ನಡದ ಹಳೆಯ ಪುಸ್ತಕಗಳೂ ಅದರಲ್ಲಿವೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನ ಕನ್ನಡ ಅಕ್ಷರಗಳನ್ನು ನೆಕ್ಕರ್ ದಂಡೆಯಲ್ಲಿ ಕೂತು ಫೋನಿನಲ್ಲಿ ನೋಡಿದೆ.

ಮಾತು ಮುಗಿದ ಮೇಲೆ ಈಜಿಪ್ಟಿನವನು ಒಂದು ನೇರ ಪ್ರಶ್ನೆ ಹಾಕಿದ. 'ಅವನು ಬಂದದ್ದು ನಿಮ್ಮನ್ನು ಮತಾಂತರ ಮಾಡಲು ತಾನೇ? ನೀವು ಯಾಕೆ ಪ್ರತಿಮೆ ನಿಲ್ಲಿಸಿದ್ದೀರಿ?' ಅಮೆರಿಕದವಳದ್ದು ಇನ್ನೊಂದು, 'ಅದಕ್ಕೆ ಮೊದಲು ನಿಮಗೆ ನಿಘಂಟು ಇರಲಿಲ್ಲವಾ?' ಎರಡಕ್ಕೂ ಜರ್ಮನ್‌ನಲ್ಲಿ, ಚೀಟಿ ಇಲ್ಲದೆ ಉತ್ತರ ಕೊಡಬೇಕಾಯಿತು. ನಿಘಂಟು, ವ್ಯಾಕರಣ ಎಲ್ಲ ಇತ್ತು, ಕಿಟೆಲ್ ಸಂಪಾದಿಸಿದ ಕೇಶಿರಾಜನ ವ್ಯಾಕರಣವೇ 13ನೇ ಶತಮಾನದ್ದು ಅಂದೆ. ನಮ್ಮ ಪಂಡಿತರ ಹತ್ತಿರ ಕೂತು ಕಲಿಯದೆ ಕಿಟೆಲ್ ಅವರಿಂದ ಆ ಕೆಲಸ ಆಗುತ್ತಿರಲಿಲ್ಲ ಅಂತಲೂ ಅಂದೆ. ಮೊದಲ ಪ್ರಶ್ನೆಗೆ, ಬಂದ ಕಾರಣ ಬೇರೆ, ಮಾಡಿಟ್ಟುಹೋದ ಕೆಲಸ ಬೇರೆ, ನಾವು ಇಟ್ಟುಕೊಂಡದ್ದು ಎರಡನೆಯದನ್ನು ಅಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮೆನ್ಸಾದಲ್ಲಿ ಊಟ ಮುಗಿಯುವ ತನಕ ವಾದ ನಡೆಯಿತು. ಟೀಚರ್ ನಡುವೆ ಬಂದು ನಮ್ಮ ವಿಭಕ್ತಿ ತಿದ್ದಿದರೇ ಹೊರತು ವಾದಕ್ಕೆ ಕೈ ಹಾಕಲಿಲ್ಲ.

ಈಗ ಜೂನಿಯರ್‌ಗಳ ಪ್ರಶ್ನೆಗಳಿಗೆ. ಅಷ್ಟು ದಿನದಲ್ಲಿ ಭಾಷೆ ಬಂದುಬಿಡುತ್ತದಾ? ಇಲ್ಲ. ನಾನು ಬಿ2 ಗುಂಪಿಗೆ ಹೋಗಿ ಬಿ2ರಲ್ಲೇ ವಾಪಸ್ ಬಂದೆ. ಬಂದದ್ದು ಕಿವಿ ಮತ್ತು ಧೈರ್ಯ. ಎ1, ಎ2 ಮಟ್ಟದಲ್ಲಿ ಸ್ವಂತ ಖರ್ಚಿನಿಂದ ಹೋಗಬೇಕಾ? ನನ್ನ ಮಟ್ಟಿಗೆ ಬೇಡ. ಆ ದುಡ್ಡಿನಲ್ಲಿ ಇಲ್ಲೇ ಎಷ್ಟೋ ಕೋರ್ಸು ಮಾಡಬಹುದು. ಬಿ1 ಇಲ್ಲದೆ ಹೋದರೆ ಬೇಕರಿ ಅಜ್ಜಿ ಸಿಗುವುದಿಲ್ಲ, ಬರೀ ಪ್ರವಾಸ ಆಗುತ್ತದೆ. ಸ್ಕಾಲರ್‌ಶಿಪ್‌ಗೂ ಆ ಮಟ್ಟ ಬೇಕಿತ್ತು. ದೊಡ್ಡ ಊರೋ ಸಣ್ಣ ಊರೋ? ಸಣ್ಣದು. ಅರ್ಜಿ ಯಾವಾಗ ಶುರು ಮಾಡಬೇಕು? ಶಿಫಾರಸು ಪತ್ರವನ್ನು ಸೆಪ್ಟೆಂಬರ್‌ನಲ್ಲೇ ಕೇಳಿಟ್ಟುಕೊಳ್ಳಿ. ನವೆಂಬರ್ ಬಂತು ಅಂದರೆ ನಮ್ಮ ಮೇಷ್ಟ್ರುಗಳು ಪರೀಕ್ಷೆ ಪೇಪರಿನ ರಾಶಿಯಲ್ಲಿ ಮುಳುಗಿರುತ್ತಾರೆ, ಆಗ ಕೇಳಿದರೆ 'ನೀನೇ ಬರೆದು ತಾ, ಸಹಿ ಹಾಕ್ತೀನಿ' ಅಂತಾರೆ.